ಒತ್ತು, ತಿರುಗಿಸು: ಪೈಪಿಗೊಂದು ಬೀಗ

ಶಾಲೆಯ ಕೈತೋಟಕ್ಕೆ ನೀರು ತರುವ ಪ್ಲಾಸ್ಟಿಕ್ ಪೈಪು ನಡುವೆ ಒಡೆದಿದೆ ಎಂದುಕೊಳ್ಳಿ. ಪಿ.ವಿ.ಸಿ. ಪೈಪಾದರೆ ಅಂಟು ಹಚ್ಚಿ ಕೂಡಿಸುತ್ತಾರೆ. ಈ ಅಂಟು ಪ್ಲಾಸ್ಟಿಕ್ಕಿನ ಮೈಯನ್ನೇ ತುಸು ಕರಗಿಸಿ ಎರಡು ತುಂಡುಗಳನ್ನೂ ಒಂದಾಗಿಸುತ್ತದೆ. ಮತ್ತೆ ಬಿಡಿಸಬೇಕೆಂದರೆ ಗರಗಸವೇ ಬೇಕು! ತಿರುಪಿನ ಜೋಡಣೆಗೋ ಟೇಪು ಸುತ್ತಬೇಕು, ಪೈಪ್ ವ್ರೆಂಚ್ ಹುಡುಕಬೇಕು.

ಯಾವ ಉಪಕರಣವೂ ಇಲ್ಲದೆ ಬರಿಗೈಯಲ್ಲೇ ಕೂಡಿಸಿ, ಬಿಚ್ಚುವಂತಹ ಜೋಡಣೆ ಮಾಡಬಹುದೇ?

ಅದರ ಉಪಾಯ ನಿಮ್ಮ ಮನೆಯ ಬಲ್ಬ್ ಹೋಲ್ಡರಿನಲ್ಲಿದೆ. ತಂತಿಗೆ ಸೇರಿಸದ ಹಳೆಯ ಹೋಲ್ಡರೊಂದನ್ನು ಶಿಕ್ಷಕರಿಂದ ಕೇಳಿ ಪಡೆದು ನೋಡಿ. ಬಲ್ಬಿನ ಎರಡು ಪಕ್ಕದಲ್ಲಿ ಎರಡು ಪಿನ್ನುಗಳಿವೆ. ಹೋಲ್ಡರಿನ ಸೀಳು ಮೊದಲು ನೇರವಾಗಿ ಒಳಕ್ಕೆ ಹೋಗಿ, ನಂತರ ಪಕ್ಕಕ್ಕೆ ತಿರುಗಿ, ಕೊನೆಯಲ್ಲಿ ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ಬಲ್ಬನ್ನು ಒತ್ತಿ, ತಿರುಗಿಸಿ, ಕೈಬಿಟ್ಟರೆ ಪಿನ್ನು ಆ ಕೊನೆಯ ಕಚ್ಚಿನಲ್ಲಿ ಕೂರುತ್ತದೆ. ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್ಟಿನಿಂದ ಇದಕ್ಕೆ ಬಯೊನೆಟ್ ಜೋಡಣೆ ಎಂಬ ಹೆಸರು ಬಂದಿದೆ.

ಇದನ್ನೇ ಪೈಪಿಗೆ ಅಳವಡಿಸೋಣ. ಒಳಗಿನ ಪೈಪಿನ ಮೇಲೆ ಎದುರುಬದುರಾಗಿ ಎರಡು ಗುಬಟುಗಳಿರಲಿ, ಹೊರಗಿನ ಪೈಪಿನ ಬಾಯಲ್ಲಿ ಅಂತಹ ಸೀಳುಗಳಿರಲಿ. ನಲ್ಲಿ ಮುಚ್ಚಿದಾಗ ನೀರು ಒಳಗಿನ ಪೈಪನ್ನು ಹೊರಕ್ಕೆ ದೂಡುತ್ತದೆ. ಆದರೆ ಕಚ್ಚು ಬಾಗಿರುವುದೂ ಹೊರಕ್ಕೇ! ಹಾಗಾಗಿ ನೀರು ದೂಡಿದಷ್ಟೂ ಗುಬಟು ಕಚ್ಚಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಬಿಚ್ಚಲು ಬಂದ ಬಲವೇ ಬೀಗ ಹಾಕುತ್ತದೆ. ನನಗೆ ಇದರಲ್ಲಿ ತುಂಬ ಹಿಡಿಸಿದ ಸಂಗತಿ ಇದು.

ಆ ಬಲ ಎಷ್ಟು? ನೀರಿನ ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೆ, ಕೆಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಷ್ಟು ಒತ್ತಡವಿರುತ್ತದೆ. 2.5 ಸೆಂ.ಮೀ. ವ್ಯಾಸದ ಪೈಪಿನ ಬಾಯಿ ಸುಮಾರು 5 ಚದರ ಸೆಂ.ಮೀ. ಅಂದರೆ 5 ಕಿ.ಗ್ರಾಂ. ಭಾರದಷ್ಟು ಬಲ. ಇಷ್ಟನ್ನು ಎರಡು ಗುಬಟುಗಳು ತಡೆದಾವು. ಪೈಪಿನ ವ್ಯಾಸ 10 ಸೆಂ.ಮೀ. ಆದರೆ? ವ್ಯಾಸ ನಾಲ್ಕು ಪಟ್ಟು, ಬಲ ಹದಿನಾರು ಪಟ್ಟು: ಸುಮಾರು 78 ಕಿ.ಗ್ರಾಂ.! ಆಗ ಗುಬಟುಗಳು ದಪ್ಪವಾಗಿರಬೇಕು, ಸಂಖ್ಯೆಯೂ ಹೆಚ್ಚಬೇಕು. ಸೀಳಿನ ಮೂಲೆಗಳು ಚೂಪಾಗಿದ್ದರೆ ಪ್ಲಾಸ್ಟಿಕ್ ಅಲ್ಲಿಂದಲೇ ಬಿರುಕು ಬಿಡುತ್ತದೆ. ಆದ್ದರಿಂದ ಮೂಲೆ ದುಂಡಗಿರಲಿ.

ಬೀಗ ಬಿದ್ದಿತು. ಆದರೆ ನೀರು ಸೋರುವುದು ನಿಂತಿತೇ? ಇಲ್ಲ. ತಿರುಗಿಸಿ ಮುಚ್ಚುವ ಕುಕ್ಕರನ್ನು ನೆನಪಿಸಿಕೊಳ್ಳಿ. ಮುಚ್ಚಳವನ್ನು ಹಿಡಿದಿಡುವುದು ಅಂಚಿನ ಹಲ್ಲುಗಳು. ಹಬೆಯನ್ನು ತಡೆಯುವುದು ಗ್ಯಾಸ್ಕೆಟ್. ಎರಡೂ ಬೇರೆ ಬೇರೆ ಕೆಲಸಗಳು. ಪೈಪಿಗೂ ಹಾಗೆಯೇ. ಒಳಗಿನ ಪೈಪಿನ ಸುತ್ತ ಒಂದು ಗಾಡಿ ಕೊರೆದು, ಅದರ ಆಳಕ್ಕಿಂತ ತುಸು ದಪ್ಪನೆಯ ರಬ್ಬರ್ ಉಂಗುರ ಕೂರಿಸಬೇಕು. ಅದು ಎರಡು ಪೈಪುಗಳ ನಡುವೆ ಅದುಮಿಕೊಂಡು ಸಂದನ್ನು ಮುಚ್ಚುತ್ತದೆ. ನೀರಿಲ್ಲದಾಗ ಪೈಪು ತಾನಾಗಿ ತಿರುಗದಂತೆ ತಡೆಯುವುದೂ ರಬ್ಬರಿನ ಈ ಬಿಗಿ ಹಿಡಿತವೇ.

ಉಂಗುರದ ಕೆಳಗೆ ಮರಳಿನ ಒಂದು ಕಣ ಸಿಕ್ಕಿದರೂ ನೀರು ತೊಟ್ಟಿಕ್ಕಬಹುದು. 20 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 4 ಲೀಟರಿಗೂ ಹೆಚ್ಚು ನೀರು ಮಣ್ಣುಪಾಲು. ಕೂಡಿಸುವ ಮುನ್ನ ಒರೆಸಿ.

ಮಾಡಿ ನೋಡಿ: ಒಂದರೊಳಗೊಂದು ಜಾರುವಂತೆ ದಪ್ಪ ಕಾಗದದ ಎರಡು ಕೊಳವೆಗಳನ್ನು ಸುತ್ತಿ ಅಂಟಿಸಿ. ಒಳಗಿನದಕ್ಕೆ ಅಡ್ಡಲಾಗಿ, ಎರಡೂ ಕಡೆ ತುದಿ ಹೊರಚಾಚುವಂತೆ, ಮದ್ದು ತೆಗೆದ ಬೆಂಕಿಕಡ್ಡಿ ಚುಚ್ಚಿ. ಹೊರಗಿನದರಲ್ಲಿ ಮೊದಲು ಕೊನೆಯ ಕಚ್ಚಿಲ್ಲದ ಸೀಳು ಕತ್ತರಿಸಿ, ಜೋಡಿಸಿ, ಎಳೆಯುತ್ತಾ ಅಲುಗಾಡಿಸಿ. ನಂತರ ಕಚ್ಚು ಕತ್ತರಿಸಿ ಮತ್ತೆ ಎಳೆಯಿರಿ. ಕಡ್ಡಿಯ ಒಂದು ತುದಿಯನ್ನು ಮುರಿದೂ ಎಳೆದು ನೋಡಿ. ಕೊಳವೆ ಯಾವ ಕಡೆಗೆ ವಾಲಿತು?