ಖಾಲಿ ಖುರ್ಚಿಯ ನಷ್ಟ ಯಾರ ಲೆಕ್ಕಕ್ಕೆ?

ನಮ್ಮ ಕಡೆ ಸಲೂನಿನ ಗಲ್ಲಾ ತುಂಬುವುದು ಕಬ್ಬಿನ ಬಿಲ್ಲಿನ ಮೇಲೆ. ಕಾರ್ಖಾನೆಯ ಹಣ ರೈತರ ಖಾತೆಗೆ ಜಮಾ ಆದ ವಾರ ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ಖುರ್ಚಿ ಆರುವುದಿಲ್ಲ. ಬರೀ ದಾಡಿಗೆಂದು ಬಂದವನು ಫೇಶಿಯಲ್ಲಿಗೂ ಕೂರುತ್ತಾನೆ, ಜೊತೆಗೆ ಮಗನನ್ನೂ ಕರೆತಂದಿರುತ್ತಾನೆ. ಲಗ್ನದ ದಿನಗಳು, ದೀಪಾವಳಿ, ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆ, ಮಹಾಲಿಂಗಪುರದ ಮಹಾಲಿಂಗೇಶ್ವರ ಜಾತ್ರೆ ಬಂದಾಗಲೂ ಹೀಗೆಯೇ. ಅದೇ ಶ್ರಾವಣ ಹಿಡಿಯಿತೆಂದರೆ ಎಷ್ಟೋ ಮಂದಿ ತಿಂಗಳಿಡೀ ದಾಡಿಗೆ ಕತ್ತರಿ ತಾಗಿಸುವುದಿಲ್ಲ. ಕಬ್ಬಿನ ಬಿಲ್ಲು ತಡವಾದರೆ ಹಳ್ಳಿಯ ಗಿರಾಕಿ ಪೇಟೆಗೇ ಬರುವುದಿಲ್ಲ. ಸೀರೆ ವ್ಯಾಪಾರ ಬಿದ್ದು ರಬಕವಿ-ಬನಹಟ್ಟಿಯ ಮಗ್ಗ ನಿಂತರೆ ನೇಕಾರರ ಮನೆಯಲ್ಲಿ ಮೊದಲು ಮುಂದಕ್ಕೆ ಹೋಗುವ ಖರ್ಚು ಕಟಿಂಗಿನದೇ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಊರುಗಳನ್ನು ಮುಳುಗಿಸಿದಾಗ ಸಲೂನಿನ ಬಾಗಿಲು ತೆರೆದಿಟ್ಟರೂ ಒಳಗೆ ಬರುವವರಿರಲಿಲ್ಲ.

ಇಂಥ ಏರಿಳಿತದ ಧಂದೆಯಲ್ಲಿ ಕೆಲಸಗಾರನಿಗೆ ಕೊಡುವುದು ಎಷ್ಟು, ಯಾವ ರೀತಿಯಲ್ಲಿ? ಹೊಸದಾಗಿ ಅಂಗಡಿ ಹಾಕುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಾನು ಕತ್ತರಿ ಹಿಡಿದೇ ಬೆಳೆದವನು. ಮೊದಲು ಮಹಾರಾಷ್ಟ್ರದ ಕಡೆ ಬೇರೆಯವರ ಅಂಗಡಿಯಲ್ಲಿ ಅರ್ಧಾ ಪಾಲಿಗೆ ನಿಂತಿದ್ದೆ, ಈಗ ಜಮಖಂಡಿಯಲ್ಲಿ ನನ್ನದೇ ಅಂಗಡಿ ಇದೆ. ಖುರ್ಚಿಯ ಹಿಂದೆ ನಿಂತವನ ಲೆಕ್ಕವೂ ಗಲ್ಲಾದ ಮುಂದೆ ಕೂತವನ ಲೆಕ್ಕವೂ ನನಗೆ ಗೊತ್ತು.

ನಮ್ಮಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಅರ್ಧಾ ಪಾಲು. ದಿನದ ದುಡಿಮೆಯಲ್ಲಿ ಅರ್ಧ ಕೆಲಸಗಾರನಿಗೆ, ಅರ್ಧ ಮಾಲಕನಿಗೆ. ಕೇಳಲು ಇದಕ್ಕಿಂತ ನ್ಯಾಯದ ಹಂಚಿಕೆ ಇಲ್ಲ ಅನ್ನಿಸುತ್ತದೆ. ಗಿರಾಕಿ ಬಂದ ದಿನ ನ್ಯಾಯವೂ ಹೌದು. ಬಾರದ ದಿನ ಏನಾಗುತ್ತದೆ ನೋಡಿ. ಬೆಳಿಗ್ಗೆ ಎಂಟಕ್ಕೆ ಬಂದು ರಾತ್ರಿ ಒಂಬತ್ತರ ತನಕ ಅಂಗಡಿಯಲ್ಲೇ ಇದ್ದವನ ಕೈಗೆ ಏನೂ ಬರುವುದಿಲ್ಲ. "ಅಣ್ಣಾರ, ಮುಂಜಾನಿಂದ ಮೂರ ಗಿರಾಕಿ ಬಂದಾರ. ಮನಿಗಿ ಏನ ಒಯ್ಯಲಿ?" ಎಂದು ನಮ್ಮಲ್ಲೊಬ್ಬ ಕೇಳಿದ್ದ. ಅಂಗಡಿ ಎಲ್ಲಿ ಹಾಕಬೇಕು, ದರ ಎಷ್ಟಿಡಬೇಕು, ಎಷ್ಟು ಖುರ್ಚಿ ಬೇಕು ಎಂದು ತೀರ್ಮಾನಿಸಿದವನು ಮಾಲಕ. ಲಾಭ ಹೆಚ್ಚಾದ ವರ್ಷ ಇನ್ನೊಂದು ಅಂಗಡಿ ತೆಗೆಯುವವನೂ ಅವನೇ. ಹಾಗಿದ್ದ ಮೇಲೆ ಖಾಲಿ ಖುರ್ಚಿಯ ಹೊರೆಯಲ್ಲಿ ದೊಡ್ಡ ಪಾಲು ಅವನೇ ಹೊರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ನಾನು ನಂಬಿರುವ ದಾರಿ ಒಂದೇ: ಕೆಳಗೊಂದು ಗಟ್ಟಿ ಪಗಾರ, ಅದರ ಮೇಲೆ ಕಮಿಷನ್.

ಅಂಕಿ ಹಿಡಿದು ನೋಡೋಣ. ಒಬ್ಬ ನುರಿತ ಕೆಲಸಗಾರನ ಖುರ್ಚಿ ಒಳ್ಳೆಯ ತಿಂಗಳಲ್ಲಿ 48,000 ರೂಪಾಯಿ, ಮಂದ ತಿಂಗಳಲ್ಲಿ 24,000 ರೂಪಾಯಿ ತರುತ್ತದೆ ಎಂದುಕೊಳ್ಳಿ. ಅರ್ಧಾ ಪಾಲಿನಲ್ಲಿ ಅವನಿಗೆ ಒಳ್ಳೆಯ ತಿಂಗಳು 24,000, ಮಂದ ತಿಂಗಳು 12,000. ಈಗ ಪದ್ಧತಿ ಬದಲಿಸಿ 16,000 ಪಗಾರ ಗೊತ್ತು ಮಾಡಿ, ಖುರ್ಚಿಯ ದುಡಿಮೆ 28,000 ದಾಟಿದ ಮೇಲಿನದಕ್ಕೆ ಶೇ 40 ಕಮಿಷನ್ ಕೊಡಿ. ಒಳ್ಳೆಯ ತಿಂಗಳಲ್ಲಿ 16,000ಕ್ಕೆ 8,000 ಕೂಡಿ ಅದೇ 24,000 ಆಗುತ್ತದೆ. ಮಾಲಕನ ಕೈಯಿಂದ ಒಂದು ಪೈಸೆಯೂ ಹೆಚ್ಚು ಹೋಗಲಿಲ್ಲ. ಮಂದ ತಿಂಗಳಲ್ಲಿ ಮಾತ್ರ ಕೆಲಸಗಾರನಿಗೆ 12,000ದ ಬದಲು 16,000 ಸಿಗುತ್ತದೆ. ವರ್ಷದಲ್ಲಿ ನಾಲ್ಕು ಮಂದ ತಿಂಗಳು ಹಿಡಿದರೆ ಮಾಲಕ ಹೆಚ್ಚಾಗಿ ಕೊಡುವುದು 16,000 ರೂಪಾಯಿ. ಉಳಿದ ಎಂಟು ತಿಂಗಳು ಒಂದೊಂದು ಖುರ್ಚಿಯ ಹೆಸರಿನಲ್ಲಿ 2,000 ಎತ್ತಿಟ್ಟರೆ ಆ ಮೊತ್ತ ಸರಿಯಾಗಿ ಕೂಡುತ್ತದೆ. ನಾನು ಅದನ್ನು ಅಂಗಡಿಯ ಖಾತೆಯಲ್ಲಿ ಇಡುವುದಿಲ್ಲ. ಅಲ್ಲಿದ್ದರೆ ಬಾಡಿಗೆಗೋ ಹೆಸ್ಕಾಂ ಬಿಲ್ಲಿಗೋ ಕರಗುತ್ತದೆ. ಬೇರೆ ಖಾತೆ, ಬೇರೆ ಪಾಸ್‌ಬುಕ್ಕು.

ಪಗಾರದ ಮೊತ್ತವನ್ನು ಮನಸ್ಸಿಗೆ ಬಂದಂತೆ ಹಿಡಿಯುವ ಹಾಗಿಲ್ಲ. ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕನಿಷ್ಠ ವೇತನದ ಹಕ್ಕು ಈಗ ಎಲ್ಲ ಕೆಲಸಗಾರರಿಗೂ ಉಂಟು. ಅದರಲ್ಲಿ ಸಲೂನಿನವರು ಗಮನಿಸಬೇಕಾದ ಮಾತೊಂದಿದೆ. ಕಮಿಷನ್ನನ್ನು ಸಂಹಿತೆ ವೇತನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇಂಥ ಹೊರಗಿಟ್ಟ ಬಾಬತ್ತುಗಳು ಒಟ್ಟು ಕೊಡುವುದರ ಅರ್ಧ ದಾಟಿದರೆ, ದಾಟಿದ ಭಾಗವಷ್ಟೇ ವೇತನಕ್ಕೆ ಸೇರುತ್ತದೆ. ಅಂದರೆ "ನಾ ಬರೇ ಕಮಿಷನ್ ಮ್ಯಾಲ ಇಟ್ಟೇನ್ರೀ, ಅವಗ ಪಗಾರದ ಸಂಬಂಧ ಇಲ್ಲ" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕಾರ್ಮಿಕ ಇಲಾಖೆ ತುಟ್ಟಿಭತ್ಯೆ ಸೇರಿಸಿ ಏಪ್ರಿಲ್‌ನಿಂದ ಹೊಸ ದರ ಹೊರಡಿಸುತ್ತದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಆ ಹಾಳೆ ಕೇಳಿ ಪಡೆಯಿರಿ. ನಾನು ಮೇಲೆ ಹಿಡಿದ 16,000 ಲೆಕ್ಕ ತಿಳಿಯಲೆಂದು ಹಿಡಿದದ್ದು. ನಿಮ್ಮ ಪಗಾರ ಆ ಹಾಳೆಯಲ್ಲಿರುವುದಕ್ಕಿಂತ ಕೆಳಗೆ ಇಳಿಯಬಾರದು.

ತುಂಡು ಲೆಕ್ಕದ ಮಜೂರಿ ನಮ್ಮ ನಾಡಿಗೆ ಹೊಸದಲ್ಲ. ಬನಹಟ್ಟಿಯ ಪವರ್‌ಲೂಮಿನಲ್ಲಿ ಸೀರೆಗೆ ಇಷ್ಟೆಂದು ಮಜೂರಿ. ಕರೆಂಟು ಹೋದರೂ ನೂಲು ಬಾರದಿದ್ದರೂ ಮಜೂರಿ ಇಲ್ಲ. ಸಲೂನಿನ ಅರ್ಧಾ ಪಾಲು ಅದರ ತಮ್ಮನೇ. ನಮ್ಮ ಹಿರಿಯರ ಕಾಲದ ಪದ್ಧತಿ ಬೇರೆ ಇತ್ತು. ಆಯಗಾರಿಕೆಯಲ್ಲಿ ರೈತನ ಮನೆಯವರೆಲ್ಲರ ಕ್ಷೌರ ವರ್ಷವಿಡೀ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ತರುತ್ತಿದ್ದರು. ಗಿರಾಕಿ ಹೆಚ್ಚು ಕಡಿಮೆ ಎಂಬ ಚಿಂತೆ ಅಲ್ಲಿರಲಿಲ್ಲ, ಆದರೆ ಅಳತೆ ಕೊಡುವವನ ಕೈಯಲ್ಲಿತ್ತು. ಕಣದಂಚಿನಲ್ಲಿ ಕಾದು ನಿಲ್ಲಬೇಕಿತ್ತು, ಕಡಿಮೆ ಬಿದ್ದರೂ ತುಟಿ ಬಿಚ್ಚುವ ಹಾಗಿರಲಿಲ್ಲ. ಬಸವಣ್ಣನವರ ಪಕ್ಕದಲ್ಲಿ ಹಡಪದ ಅಪ್ಪಣ್ಣನವರಿಗೆ ಸಿಕ್ಕ ಸಮಾನ ಪೀಠ ಊರಿನ ಕಣದಲ್ಲಿ ಅವರ ವೃತ್ತಿಯ ಮಕ್ಕಳಿಗೆ ಸಿಗಲಿಲ್ಲ. ಆ ನೋವು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದಕ್ಕೇ ನಾವೇ ಮಾಲಕರಾದಾಗ ಅಳತೆಯನ್ನು ಕೆಲಸಗಾರನ ಕಣ್ಣೆದುರೇ ಇಡಬೇಕು ಎನ್ನುತ್ತೇನೆ.

ಕಣ್ಣೆದುರು ಎಂದರೆ ಪುಸ್ತಕದಲ್ಲಿ. ನಮ್ಮ ಅಂಗಡಿಯಲ್ಲಿ ಪ್ರತಿ ಖುರ್ಚಿಗೂ ಒಂದು ವಹಿ ಇದೆ. ಕೆಲಸ ಮುಗಿದ ತಕ್ಷಣ ಅವನೇ ಬರೆಯುತ್ತಾನೆ, ರಾತ್ರಿ ಇಬ್ಬರೂ ಸಹಿ ಹಾಕುತ್ತೇವೆ. ಜಗಳ ಹುಟ್ಟುವ ಜಾಗಗಳೆಲ್ಲ ಆ ವಹಿಯಲ್ಲಿ ಗೊತ್ತಾಗುತ್ತವೆ. ಫೇಶಿಯಲ್ಲನ್ನೇ ತೆಗೆದುಕೊಳ್ಳಿ. ಗಿರಾಕಿ ಕೊಟ್ಟದ್ದು 600, ಅದಕ್ಕೆ ಹತ್ತಿದ ಕ್ರೀಮು, ಪ್ಯಾಕು 180. ಕೆಲಸಗಾರ 600ರ ಮೇಲೆ ಕಮಿಷನ್ ಕೇಳುತ್ತಾನೆ, ಮಾಲಕ "ಮಾಲು ಯಾರಪ್ಪನ ಮನಿದು?" ಅನ್ನುತ್ತಾನೆ. ನಾವು ಖುರ್ಚಿಯ ಲೆಕ್ಕಕ್ಕೆ 420 ಬರೆಯುತ್ತೇವೆ, ಮಾಲಿನ ಬಿಲ್ಲು ಗೋಡೆಯ ಮೊಳೆಗೆ ಸಿಕ್ಕಿಸಿರುತ್ತದೆ, ಯಾರಾದರೂ ತೆಗೆದು ನೋಡಬಹುದು. ಬ್ಲೇಡು, ನೀರು, ಟವೆಲ್ಲು, ಪೌಡರಿನ ಖರ್ಚನ್ನು ಕಳೆಯುವುದಿಲ್ಲ, ಅದು ಅಂಗಡಿ ನಡೆಸುವ ಖರ್ಚು. ಕತ್ತರಿ, ಟ್ರಿಮ್ಮರ್ ಕೆಲಸಗಾರನ ಸ್ವಂತದ್ದಾದರೆ ಅದರ ಸವಕಳಿಗೆಂದು ತಿಂಗಳಿಗೆ ಒಂದಿಷ್ಟು ಬೇರೆಯಾಗಿ ಕೊಡಬೇಕು. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ವೋಚರು ಸಿಗುತ್ತದೆ. ಆ ಸಲಕರಣೆ ಹುಡುಗನದು, ಅಂಗಡಿ ಬಿಡುವಾಗ ಅವನೊಂದಿಗೇ ಹೋಗಬೇಕು.

ಇನ್ನೊಂದು ಸಂಗತಿಯನ್ನು ಮಾಲಕರು ಬಾಯಿ ಬಿಟ್ಟು ಹೇಳುವುದಿಲ್ಲ: ಪುಕ್ಕಟೆ ಕಟಿಂಗ್. ಮಾಲಕನ ಗೆಳೆಯರು, ಬೀಗರು, ಬಾಡಿಗೆಯವರ ಮಗ, ಯಾವುದೋ ಕಚೇರಿಯ ಪರಿಚಯದವರು ಬಂದು ಕೂರುತ್ತಾರೆ, ಹಣ ಕೇಳುವ ಹಾಗಿಲ್ಲ. ಕತ್ತರಿ ಹಿಡಿದ ಕೈ ಮಾತ್ರ ಪೂರ್ತಿ ದುಡಿದಿರುತ್ತದೆ. ಅಂಥ ಕೆಲಸವನ್ನೂ ಬೋರ್ಡಿನ ದರದಲ್ಲೇ ಅವನ ಖುರ್ಚಿಗೆ ಬರೆಯಬೇಕು. ಉದ್ರಿಯೂ ಅಷ್ಟೆ. ವಸೂಲಾಗಲಿ ಬಿಡಲಿ, ಉದ್ರಿ ಕೊಟ್ಟವನು ಮಾಲಕ.

ಟಿಪ್ಸಿನ ಕಥೆ ಈಚೆಗೆ ಬದಲಾಗಿದೆ. ಮೊದಲು ಹತ್ತೋ ಇಪ್ಪತ್ತೋ ಹುಡುಗನ ಕಿಸೆಗೇ ಹೋಗುತ್ತಿತ್ತು. ಈಗ ಗಿರಾಕಿ ಫೋನ್‌ಪೇಯಲ್ಲಿ 130ರ ಜಾಗದಲ್ಲಿ 150 ಹಾಕಿ ಹೋಗುತ್ತಾನೆ, ಆ ಇಪ್ಪತ್ತು ಮಾಲಕನ ಬ್ಯಾಂಕ್ ಖಾತೆಯಲ್ಲಿ ಕೂರುತ್ತದೆ. ಇದು ಬೇಕಂತಲೇ ನಡೆಯುವ ಮೋಸವಲ್ಲದಿರಬಹುದು, ಆದರೆ ತಿಂಗಳಿಗೆ ಕೂಡಿದರೆ ಒಂದು ಮನೆಯ ಹಾಲಿನ ಖರ್ಚಾಗುತ್ತದೆ. ವಹಿಯಲ್ಲಿ ಟಿಪ್ಸಿಗೆ ಬೇರೆ ಕಾಲಮ್ಮು ಹಾಕಿ, ರಾತ್ರಿಯೇ ಕೊಟ್ಟುಬಿಡಿ. ಅದರಲ್ಲಿ ಪಾಲು ಕೇಳಬೇಡಿ, ಪಗಾರದಲ್ಲೂ ಹಿಡಿಯಬೇಡಿ.

ಕೆಲಸ ಕಲಿಯುವ ಹುಡುಗನ ವಿಷಯ ಬಂದಾಗ ನನಗೆ ಸಂಕಟವಾಗುತ್ತದೆ. "ಕಲಿಸಾಕತ್ತೀನಿ, ಮತ್ತ ಪಗಾರ ಬ್ಯಾರೆ ಕೊಡಬೇಕೇನ?" ಎಂಬುದು ನಮ್ಮಲ್ಲಿ ಸಾಮಾನ್ಯ ಮಾತು. ಆ ಹುಡುಗ ಅಂಗಡಿ ಗುಡಿಸುತ್ತಾನೆ, ಟವೆಲ್ಲು ತೊಳೆಯುತ್ತಾನೆ, ಚಹಾ ತರುತ್ತಾನೆ, ತಲೆಗೆ ಎಣ್ಣೆ ತಿಕ್ಕುತ್ತಾನೆ. ತಿಕ್ಕಿದ ಎಣ್ಣೆಗೆ ಗಿರಾಕಿ ಹಣ ಕೊಟ್ಟಿದ್ದಾನೆ. 14ರ ಒಳಗಿನ ಮಕ್ಕಳನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ಅದನ್ನು ಚರ್ಚಿಸುವುದೇನೂ ಇಲ್ಲ. ದೊಡ್ಡ ಹುಡುಗರಿಗೆ ಮೊದಲ ದಿನದಿಂದಲೇ ಪಗಾರ ಇರಬೇಕು, ಕಲಿತಂತೆ ಅದು ಏರಬೇಕು. ಯಾವ ಕೆಲಸ ಬಂದರೆ ಎಷ್ಟು ಏರುತ್ತದೆ ಎಂದು ಮೊದಲೇ ಹೇಳಿ ಬರೆದಿಡಬೇಕು. ಹೆಣ್ಣುಮಕ್ಕಳ ಬ್ಯೂಟಿ ಪಾರ್ಲರ್‌ಗಳಲ್ಲಿ ಇದು ಇನ್ನೂ ಕಷ್ಟ. ಮದುಮಗಳ ಮೇಕಪ್ಪಿಗೆ ಬೀಳಗಿಯ ಹಳ್ಳಿಗೆ ನಸುಕಿನಲ್ಲಿ ಹೋಗಿ ದಿನವಿಡೀ ನಿಂತ ಸಹಾಯಕಿಗೆ ಊಟ, ಒಂದು ಜಂಪರಿನ ಖಣ ಕೊಟ್ಟು ಕಳಿಸಿದ್ದನ್ನು ಕಂಡಿದ್ದೇನೆ. ಆಕೆಯ ಹಾಜರಿ ಆ ಮೇಕಪ್ಪಿನ ದರದಲ್ಲಿ ಮೊದಲೇ ಸೇರಿರಬೇಕು.

ಮನೆಮಂದಿಯ ಮಾತಂತೂ ಯಾರೂ ಎತ್ತುವುದಿಲ್ಲ. ತಮ್ಮ, ಅಳಿಯ, ಅಣ್ಣನ ಮಗ ಅಂಗಡಿಯಲ್ಲಿ ದುಡಿಯುತ್ತಾರೆ. "ನಮ್ಮ ಹುಡುಗನ ಅಲ್ಲೇನ, ಅವಗೆಂಥಾ ಪಗಾರ?" ಎಂದು ವರ್ಷಗಳು ಹೋಗುತ್ತವೆ. ಅವನ ಲಗ್ನವಾದ ಮೇಲೆ ಪಾಲು ಕೇಳುವ ಹೊತ್ತಿಗೆ ಅಂಗಡಿಯೂ ಒಡೆಯುತ್ತದೆ, ಮನೆಯೂ ಒಡೆಯುತ್ತದೆ. ಅವನಿಗೂ ವಹಿ, ಅವನಿಗೂ ಪಗಾರ. ಮಾಲಕನೂ ಒಂದು ಖುರ್ಚಿಯಲ್ಲಿ ಕೆಲಸ ಮಾಡುತ್ತಿದ್ದರೆ ತನ್ನ ಪಗಾರವನ್ನು ಖರ್ಚಿನಲ್ಲಿ ಬರೆದುಕೊಳ್ಳಬೇಕು. ಅದನ್ನು ಕಳೆದ ಮೇಲೆ ಉಳಿದದ್ದೇ ಲಾಭ. ಬಹಳ ಅಂಗಡಿಗಳಲ್ಲಿ ಲಾಭ ಎಂದು ಎಣಿಸುವುದು ಮಾಲಕನ ಸ್ವಂತ ಮಜೂರಿಯನ್ನೇ. ಅದು ಗೊತ್ತಾದರೆ ಕೆಲಸಗಾರನ ಪಗಾರ ಭಾರವಾಗುತ್ತಿದೆಯೋ, ಕಟಿಂಗಿನ ದರವೇ ಕಡಿಮೆಯಾಗಿದೆಯೋ ತಿಳಿಯುತ್ತದೆ.

ಮುಂಗಡದ ಬಗ್ಗೆ ಎಚ್ಚರ ಬೇಕು. ಲಗ್ನಕ್ಕೆಂದೋ ಆಸ್ಪತ್ರೆಗೆಂದೋ ಕೆಲಸಗಾರ ಹಣ ಕೇಳುತ್ತಾನೆ, ಕೊಡಲೇಬೇಕು. ಕೊಟ್ಟ ಮೇಲೆ "ತೀರೋ ತನಕ ಬಿಟ್ಟು ಹೋಗಂಗಿಲ್ಲ" ಎಂದು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ವಿರುದ್ಧ. ತಿಂಗಳ ಕಂತು ಚಿಕ್ಕದಿರಲಿ, ಬಡ್ಡಿ ಬೇಡ, ಬಿಟ್ಟು ಹೋದರೆ ಉಳಿದದ್ದನ್ನು ಹೇಗೆ ತೀರಿಸುತ್ತಾನೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು.

ಹಾಳೆಯ ಬೆಲೆ 2020ರ ಲಾಕ್‌ಡೌನಿನಲ್ಲಿ ನಮಗೆಲ್ಲ ತಿಳಿಯಿತು. ರಾಜ್ಯ ಸರ್ಕಾರ ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಪ್ರಕಟಿಸಿದಾಗ, ತಾನು ಈ ಕೆಲಸ ಮಾಡುವವನೆಂದು ತೋರಿಸಲು ಕಮಿಷನ್ ಮೇಲೆ ನಿಂತವರ ಹತ್ತಿರ ಚೂರು ಕಾಗದವೂ ಇರಲಿಲ್ಲ. ಪಗಾರದ ವಹಿ, ಬ್ಯಾಂಕಿನ ಜಮಾ ಇದ್ದವರಿಗೆ ಅಷ್ಟರಮಟ್ಟಿಗೆ ಸುಲಭವಾಯಿತು. ಇ-ಶ್ರಮ್ ಕಾರ್ಡು, ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಸಹಾಯಹಸ್ತ ನೋಂದಣಿ ಇವನ್ನು ಮಾಲಕನೇ ಮುಂದೆ ನಿಂತು ಮಾಡಿಸಬೇಕು. ಬ್ಯಾಂಕಿನ ಎರಡು ವಿಮೆಗಳು ವರ್ಷಕ್ಕೆ 20 ಮತ್ತು 436 ರೂಪಾಯಿ, ಒಟ್ಟು 456. ಒಂದು ಅಪಘಾತಕ್ಕೆ, ಇನ್ನೊಂದು ಜೀವಕ್ಕೆ, ತಲಾ 2 ಲಕ್ಷ. ನಮ್ಮಲ್ಲಿ ಈ ಹಣವನ್ನು ಅಂಗಡಿಯೇ ತುಂಬುತ್ತದೆ.

ವಯಸ್ಸಾದವರ ಲೆಕ್ಕಕ್ಕೆ ಮಾತ್ರ ಸುಲಭದ ಸೂತ್ರ ಸಿಕ್ಕಿಲ್ಲ. ನಮ್ಮಲ್ಲಿರುವ ಹಿರಿಯರೊಬ್ಬರಿಗೆ ನಿಂತು ನಿಂತು ಕಾಲಿನ ನರ ಉಬ್ಬಿವೆ. ಹೊಸ ಹುಡುಗರು ಕೇಳುವ ಫೇಡ್ ಕಟಿಂಗ್ ಅವರ ಕೈಗೆ ಒಗ್ಗಿಲ್ಲ. ಕಮಿಷನ್ ಲೆಕ್ಕದಲ್ಲಿ ಅವರ ದುಡಿಮೆ ವರ್ಷ ವರ್ಷಕ್ಕೂ ಇಳಿಯುತ್ತದೆ. ಆದರೆ ಹಳೆಯ ಗಿರಾಕಿಗಳು ಅಂಗಡಿಗೆ ಬರುವುದು ಅವರ ಹೆಸರಿನ ಮೇಲೆ, ಹುಡುಗರ ಕೈ ಪಳಗಿದ್ದು ಅವರ ಪಕ್ಕದಲ್ಲಿ. ಅದಕ್ಕೆ ಅವರ ಪಗಾರವನ್ನು ಖುರ್ಚಿಯ ದುಡಿಮೆಯಿಂದ ಬಿಡಿಸಿ, ಕಲಿಸುವುದಕ್ಕೆಂದು ಬೇರೆ ಮೊತ್ತ ಸೇರಿಸಿದ್ದೇವೆ. ದಿನಕ್ಕೆ ಒಂದಷ್ಟು ಹೊತ್ತು ಕೂತೇ ಮಾಡುವ ಕೆಲಸ ಕೊಟ್ಟಿದ್ದೇವೆ. "ಕಾಕಾ, ಇದು ಧರ್ಮಕ್ಕ ಕೊಡೂದಲ್ಲ, ಕಲಿಸಿದ್ದರ ಮಜೂರಿ" ಎಂದು ಹೇಳಿದ ಮೇಲೆಯೇ ಅವರು ಒಪ್ಪಿದರು.

ಇಷ್ಟೆಲ್ಲ ಕೊಡಲು ಹಣ ಎಲ್ಲಿಂದ ಎಂದರೆ ಕಟಿಂಗಿನ ದರದಿಂದಲೇ. ಸುತ್ತಲಿನ ಊರುಗಳ ಅಂಗಡಿಯವರು ದರ ಏರಿಸಲು ಸಭೆ ಸೇರುತ್ತಾರೆ, ಬೋರ್ಡು ಬದಲಾಗುತ್ತದೆ, ಪಗಾರದ ಮಾತು ಆ ಸಭೆಯಲ್ಲಿ ಬರುವುದಿಲ್ಲ. ಮುಂದಿನ ಸಭೆಯಲ್ಲಿ ನಾನು ಕೇಳಬೇಕೆಂದಿರುವುದು ಇಷ್ಟು: ಕಟಿಂಗಿಗೆ ಹತ್ತು ರೂಪಾಯಿ ಏರಿಸಿದರೆ ಅದರಲ್ಲಿ ಪಗಾರಕ್ಕೆ ಹೋಗುವುದು ಎಷ್ಟು ಎಂಬುದೂ ಅದೇ ಠರಾವಿನಲ್ಲಿ ಬರೆಯಲಿ. ಕೆಲಸಗಾರರಲ್ಲಿ ಇಬ್ಬರನ್ನಾದರೂ ಸಭೆಗೆ ಕರೆಯಲಿ.