ಕೈಚಾಚಿದವರಿಗೆ ಕೊಡಬೇಕೆ, ಬೇಡವೆ?

ಪ್ರಶ್ನೆ: ನಾನು ದಾಂಡೇಲಿಯವಳು, ಕ್ರೈಸ್ತಳು. ಕೆಲಸಕ್ಕೆಂದು ಹಳಿಯಾಳಕ್ಕೆ ಓಡಾಡುತ್ತೇನೆ. ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ, ಕಂಕುಳಲ್ಲಿ ಕೂಸು ಎತ್ತಿಕೊಂಡ ಹುಡುಗಿ, ಬೆಳಿಗ್ಗೆಯೇ ಕುಡಿದ ವಾಸನೆ ಹೊಡೆಯುವ ಒಬ್ಬ ಗಂಡಸು ದಿನಾ ಕೈಚಾಚುತ್ತಾರೆ. ಕೊಟ್ಟರೆ ಮನೆಯವರು ಬೈಯುತ್ತಾರೆ. ಕೊಡದಿದ್ದರೆ ಭಾನುವಾರ ಪೂಜೆಯಲ್ಲಿ ಮನಸ್ಸು ನಿಲ್ಲುವುದಿಲ್ಲ. ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ಯೇಸು ಕಲಿಸಿದ್ದಾರಲ್ಲ? ಕೊಡದಿರುವುದು ಪಾಪವೇ?
– ಓದುಗರು, ದಾಂಡೇಲಿ

ಉತ್ತರ: ಪ್ರತಿ ಸಲ ದುಡ್ಡು ಕೊಡದಿದ್ದರೆ ಪಾಪವೇನೂ ಅಲ್ಲ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಮುಖ ತಿರುಗಿಸಿ ಬಸ್ಸು ಹತ್ತಿದ್ದು ಅಂತ ನನಗನ್ನಿಸುತ್ತದೆ. ಯೆರಿಕೋ ಊರಿನ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿದಾಗ ಜನ ಅವನ ಬಾಯಿ ಮುಚ್ಚಿಸಲು ನೋಡಿದರು. ಯೇಸು ನಿಂತರು, ಹತ್ತಿರ ಕರೆಸಿಕೊಂಡು ಏನು ಬೇಕೆಂದು ಕೇಳಿದರು. ಕಣ್ಣಿಲ್ಲದವನಿಗೆ ಏನು ಬೇಕೆಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ಅವನ ಬಾಯಿಂದಲೇ ಕೇಳಿದರು. ನೀವೂ ಅಲ್ಲಿಂದಲೇ ಶುರುಮಾಡಿ. ಮಾತಾಡಿಸಿದರೆ ಮೂವರ ಕಷ್ಟವೂ ಒಂದೇ ಅಲ್ಲವೆಂದು ತಿಳಿಯುತ್ತದೆ.

ಮುದುಕಿಗೆ ಧಾರಾಳವಾಗಿ ಕೊಡಿ. ದುಡಿಯದವನು ಉಣ್ಣಬಾರದೆಂಬ ಪೌಲರ ಮಾತನ್ನು ಯಾರಾದರೂ ಎತ್ತಿದರೆ, ಅದು ದುಡಿಯಲು ಮನಸ್ಸಿಲ್ಲದವರಿಗೆ ಹೇಳಿದ್ದು, ಕೈಲಾಗದವರಿಗಲ್ಲ ಎನ್ನಿ. ಜೊತೆಗೆ ಪಿಂಚಣಿ ಬರುತ್ತದೆಯೇ ಎಂದೂ ವಿಚಾರಿಸಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ; ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಆಧಾರ್, ಬ್ಯಾಂಕ್ ಖಾತೆ ಎಂದಕೂಡಲೇ ಇಂಥವರು ಹಿಂದೆ ಸರಿಯುತ್ತಾರೆ. ಒಂದರ್ಧ ದಿನ ರಜೆ ಹಾಕಿ ನೀವೇ ಜೊತೆಗೆ ಹೋದರೆ ಅದಕ್ಕಿಂತ ದೊಡ್ಡ ದಾನ ಬೇರೆ ಬೇಡ.

ಕೂಸು ಎತ್ತಿಕೊಂಡ ಹುಡುಗಿಗೆ ದುಡ್ಡು ಬೇಡ. ಮಕ್ಕಳ ಕೈಗೆ ಕಾಸು ಬೀಳುವವರೆಗೆ ಅವರನ್ನು ಬೀದಿಗೆ ಬಿಡುವವರು ಇದ್ದೇ ಇರುತ್ತಾರೆ. ಮಕ್ಕಳಿಂದ ಭಿಕ್ಷೆ ಬೇಡಿಸುವುದು 2015ರ ಬಾಲನ್ಯಾಯ ಕಾಯ್ದೆಯಡಿ ಅಪರಾಧ, 5 ವರ್ಷದವರೆಗೆ ಜೈಲು ಆಗಬಹುದು. ಬಾಳೆಹಣ್ಣೋ ಹಾಲೋ ತೆಗೆದುಕೊಟ್ಟು, ಅಲ್ಲಿಂದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ.

ಕುಡಿದವನಿಗೆ, ‘ದುಡ್ಡು ಕೊಡಲ್ಲ ಅಣ್ಣಾ, ಚಾ ಕುಡೀತೀರಾ?’ ಎನ್ನಿ. ಬೇಡವೆಂದರೆ ಮುಂದೆ ನಡೆಯಿರಿ, ಉಪದೇಶ ಬೇಡ. ಬಂದರೆ ಚಾ ಜೊತೆ ಇಡ್ಲಿಯನ್ನೂ ಕೊಡಿಸಿ. ಜೋಯಿಡಾ ಕಡೆಯ ಉಳವಿ ಜಾತ್ರೆಯ ದಾಸೋಹದಲ್ಲಿ ಪಂಕ್ತಿಗೆ ಕೂತವರ ಚಟ ವಿಚಾರಿಸಿ ಅನ್ನ ಬಡಿಸುತ್ತಾರೆಯೇ? ಅವನು ಕೂಗಾಡಿದರೆ, ಮೈಮೇಲೆ ಬಂದರೆ ಮಾತ್ರ ಅಲ್ಲಿ ನಿಲ್ಲಬೇಡಿ.

ಇದೆಲ್ಲ ಸರ್ಕಾರದ ಕೆಲಸ ಅನ್ನುವವರಿದ್ದಾರೆ. ಭಿಕ್ಷಾಟನೆಯನ್ನು ನಿಷೇಧಿಸುವ 1975ರ ಕರ್ನಾಟಕ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರವನ್ನು ನಾವೆಲ್ಲ ಕಟ್ಟುತ್ತಲೇ ಇದ್ದೇವೆ, ನಿಜ. ಆ ಹಣದಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುತ್ತವೆ. 2010ರಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತರು. ತೆರಿಗೆ ಕಟ್ಟಿ, ಕಣ್ಣಿಗೆ ಬೀಳದ ಹಾಗೆ ಸಾಗಿಸಿಬಿಟ್ಟರೆ ನಮ್ಮ ಪಾಲು ಮುಗಿಯುವುದಿಲ್ಲ.

ಇನ್ನು ಮನೆಯವರ ಮಾತು. ಅವರ ಸಿಟ್ಟು ದಾನದ ಮೇಲಿರಲಾರದು, ಲೆಕ್ಕವಿಲ್ಲದ ಖರ್ಚಿನ ಮೇಲಿರಬಹುದು. ಇಬ್ಬರೂ ಕೂತು ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ. ಅರ್ಧ ಪರ್ಸಿನಲ್ಲಿರಲಿ. ಇನ್ನರ್ಧ ನಿಮ್ಮ ಚರ್ಚಿನ ಬಡವರ ನಿಧಿಗೋ, ಸಿದ್ದಿ ಮತ್ತು ಗೌಳಿ ಜನರ ನಡುವೆ ದುಡಿಯುತ್ತಿರುವ ಮುಂಡಗೋಡದ ಲೊಯೊಲಾ ವಿಕಾಸ ಕೇಂದ್ರದಂಥ ಸಂಸ್ಥೆಗೋ ಹೋಗಲಿ. ಪರ್ಸಿನ ಪಾಲು ಖಾಲಿಯಾದ ದಿನ ‘ಇವತ್ತು ಇಲ್ಲವ್ವಾ’ ಎಂದು ಮುಖ ನೋಡಿ ಹೇಳಿ. ಪೇತ್ರನೂ ದೇವಾಲಯದ ಬಾಗಿಲಲ್ಲಿ ಬೇಡುತ್ತಿದ್ದ ಕುಂಟನಿಗೆ, ತನ್ನಲ್ಲಿ ಬೆಳ್ಳಿಬಂಗಾರವಿಲ್ಲವೆಂದು ಎದುರಿಗೇ ಹೇಳಿದವನು.

ಮುಂದಿನ ಸಲ ಹಳಿಯಾಳದ ಬಸ್ಸಿಗೆ ಹತ್ತು ನಿಮಿಷ ಮುಂಚೆ ಬನ್ನಿ. ಮೊದಲು ಆ ಮುದುಕಿಯ ಹೆಸರು ಕೇಳಿ, ಆಮೇಲೆ ಆಧಾರ್ ಕಾರ್ಡ್ ಇದೆಯೇ ಎಂದು ಕೇಳಿ.