ಇಂದಿನ ಧಮ್ಮ ಚಿಂತನೆ: ಅವ್ವನ ದುಃಖ, ಕಿಸಾಗೋತಮಿಯ ಸಾಸಿವೆ



ಅಪ್ಪ ತೀರಿಕೊಂಡ ಮೇಲೆ ಅವ್ವ ಮೂಡಲಗಿ ಕಡೆಯ ನಮ್ಮ ಊರಲ್ಲಿ ತಮ್ಮನ ಜೊತೆ ಇದ್ದಳು. ಹೋದ ವರ್ಷ ಒಂದು ಸಂಜೆ ಹೊಲದಿಂದ ಬಂದ ತಮ್ಮ ಎದೆನೋವೆಂದು ಕುಳಿತವನು ಊಟಕ್ಕೆ ಏಳಲೇ ಇಲ್ಲ.

ನಾನು ಗೋಕಾಕದಿಂದ ಓಡಿ ಹೋದೆ. ಮಣ್ಣು ಮಾಡಿ ಬಂದ ಮೇಲೆ ಅವ್ವನ ಪಕ್ಕ ಕುಳಿತು, ಮಾಸ್ತರಿಕೆಯ ಚಟದಿಂದ ಪಾಠ ಶುರು ಮಾಡಿದೆ: "ಎಲ್ಲಾ ಅನಿತ್ಯ ಐತಿ ಅವ್ವಾ, ಬುದ್ಧರು ಹೇಳ್ಯಾರ."

ಅವ್ವ ಕಣ್ಣೊರೆಸಿಕೊಂಡಳು. "ಅದು ನನಗೂ ಗೊತ್ತೈತಿ ಯಪ್ಪಾ. ಅವ ಉಣ್ಣದ ಹೋದ. ಕಾಗಿಗೆ ಒಂದು ಎಡಿ ಇಡೂನು."

ನಾನು ಇಕ್ಕಟ್ಟಿಗೆ ಸಿಕ್ಕೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ, ಪಿಂಡದಾನ ಮಾಡೆನು ಎಂಬುದೂ ಒಂದು. ಒಪ್ಪಿದರೆ ಪ್ರತಿಜ್ಞೆ ಮುರಿಯುತ್ತದೆ, ಗದರಿದರೆ ಅವ್ವನ ಮನಸ್ಸು ಮುರಿಯುತ್ತದೆ.

ಆ ರಾತ್ರಿ ಕಿಸಾಗೋತಮಿ ನೆನಪಾದಳು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಆಕೆಯ ಕಥೆ ಹೇಳಿದ್ದಾರೆ. ಅವರಿಗೂ ಈ ಸಂಕಟ ಹೊಸದಲ್ಲ. ಅವರ ಮತ್ತು ರಮಾಬಾಯಿಯವರ ಐದು ಮಕ್ಕಳಲ್ಲಿ ಉಳಿದವರು ಯಶವಂತರೊಬ್ಬರೇ. ಕೊನೆಯ ಮಗ ರಾಜರತ್ನ ತೀರಿದ್ದು 1926ರಲ್ಲಿ.

ಸತ್ತ ಮಗುವಿಗೆ ಔಷಧ ಬೇಡುತ್ತ ಬಂದ ಕಿಸಾಗೋತಮಿಗೆ ಬುದ್ಧರು ಉಪದೇಶ ಮಾಡಲಿಲ್ಲ. ಸಾವು ಕಾಣದ ಮನೆಯಿಂದ ಸಾಸಿವೆ ತರಲು ಕಳಿಸಿದರು. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು, ಸಾವೂ ಎಲ್ಲ ಮನೆಯಲ್ಲೂ ಆಗಿತ್ತು. ಸಾವು ಎಲ್ಲರಿಗೂ ಇದೆ ಎಂಬ ಪಾಠವನ್ನಷ್ಟೇ ನಾವು ಈ ಕಥೆಯಿಂದ ಹೇಳುತ್ತೇವೆ. ಆದರೆ ಬುದ್ಧರು ಮೊದಲು ಆಕೆಗೆ ಒಂದು ಕೆಲಸ ಕೊಟ್ಟರು, ಮಕ್ಕಳನ್ನು ಕಳೆದುಕೊಂಡ ಬೇರೆಯವರ ಮಾತು ಕೇಳಿಸಿದರು. ಸತ್ಯವನ್ನು ಆಕೆಯೇ ಕಂಡುಕೊಂಡಳು.

ಬೆಳಿಗ್ಗೆ ಅವ್ವನಿಗೆ ಹೇಳಿದೆ: "ಕಾಗಿಗೆ ಬ್ಯಾಡ ಅವ್ವಾ. ತಮ್ಮನ ಹೆಸರೀಲೆ ಮಕ್ಕಳಿಗೆ ಊಟ ಹಾಕೂನು. ಏನ್ ಮಾಡೂದು, ನೀನ ಹೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವಗ ಝುಣಕ ಭಾಳ ಸೇರ್ತಿತ್ತು" ಎಂದಳು.

ಪುಣ್ಯಾನುಮೋದನೆಯ ದಿನ ತ್ರಿಶರಣ, ಪಂಚಶೀಲ ಹೇಳಿದೆವು. ಅವ್ವ ತಾನೇ ರೊಟ್ಟಿ ಬಡಿದು, ಝುಣಕ ಮಾಡಿ ಓಣಿಯ ಮಕ್ಕಳಿಗೆ ಬಡಿಸಿದಳು. ಹುಕ್ಕೇರಿಯಿಂದ ಬಂದ ನನ್ನ ಸೋದರತ್ತೆಯೂ ಮಗನನ್ನು ಕಳೆದುಕೊಂಡವಳೇ. ಇಬ್ಬರೂ ಒಲೆಯ ಮುಂದೆ ತಮ್ಮ ತಮ್ಮ ಮಕ್ಕಳ ಮಾತಾಡಿಕೊಂಡು ಅತ್ತರು. ನಾನು ಬಾಯಿ ಮುಚ್ಚಿಕೊಂಡು ಕಟ್ಟಿಗೆ ತಂದು ಹಾಕಿದೆ.

ಅವ್ವನ ದುಃಖ ತೀರಿಲ್ಲ. ಈಗಲೂ ಸಂಜೆ ಫೋನಿನಲ್ಲಿ ತಮ್ಮನ ಮಾತು ತೆಗೆಯುತ್ತಾಳೆ. ನಾನು ಕೇಳುತ್ತೇನೆ. ಎಡೆಯ ಮಾತನ್ನು ಮಾತ್ರ ಅವಳು ಮತ್ತೆ ಎತ್ತಿಲ್ಲ.

ಇಂದಿನ ಅಭ್ಯಾಸ: ನಿಮ್ಮ ಓಣಿಯಲ್ಲಿ ದುಃಖದಲ್ಲಿರುವ ಒಬ್ಬ ತಾಯಿಯ ಮನೆಗೆ ಹೋಗಿ ಬನ್ನಿ. ಧಮ್ಮದ ಮಾತು ಹೇಳುವ ಮುಂಚೆ, ಹೋದವರ ಹೆಸರು ಹಿಡಿದು ಅವರ ಬಗ್ಗೆ ಒಂದು ಮಾತು ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.